ಕೊಡೆ ಹೊತ್ತ ಕೊತ್ತಂಬರಿ

ಮಾನ್ಯ ಸಂಪಾದಕರೇ,

ಮಗಳು ಮೊನ್ನೆ ‘ಅಂಬೆಲಿಫೆರೆ, ಅಂಬೆಲಿಫೆರೆ’ ಎಂದು ಒಂದು ಸಸ್ಯ ಕುಟುಂಬದ ಹೆಸರನ್ನು ಬಾಯಿಪಾಠ ಮಾಡುತ್ತಿದ್ದಳು. ಅರ್ಥ ಕೇಳಿದರೆ ಗೊತ್ತಿಲ್ಲ. ಕ್ಲಾಸಿನಲ್ಲಿ ಯಾರೂ ಹೇಳಿಲ್ಲವಂತೆ. ಬೇಸರವಾಯಿತು.

ಲ್ಯಾಟಿನ್‌ನಲ್ಲಿ ‘ಅಂಬೆಲ್ಲಾ’ ಎಂದರೆ ಬಿಸಿಲಿಗೆ ಹಿಡಿಯುವ ಕೊಡೆ. ಅಂದರೆ ಇದು ಕೊಡೆ ಹೊತ್ತ ಗಿಡಗಳ ಕುಟುಂಬ. ಅವಳನ್ನು ಅಂಗಳದ ಕುಂಡದ ಹತ್ತಿರ ಕರೆದುಕೊಂಡು ಹೋದೆ. ಕೊತ್ತಂಬರಿ ಹೂ ಬಿಟ್ಟಿತ್ತು. ಒಂದೇ ತುದಿಯಿಂದ ನಾಲ್ಕೈದು ಕಡ್ಡಿಗಳು ಬಿಚ್ಚಿಕೊಂಡಿದ್ದವು. ಪ್ರತಿ ಕಡ್ಡಿಯ ತಲೆಯಲ್ಲಿ ಮತ್ತೊಂದು ಪುಟ್ಟ ಕೊಡೆ, ಅದರ ತುಂಬ ಬಿಳಿ ಹೂ. ‘ಉತ್ಸವದ ಸತ್ತಿಗೆ ಹಾಗೇ ಉಂಟಲ್ವಾ ಅಪ್ಪ!’ ಎಂದಳು.

ಜೀರಿಗೆ, ಓಮ, ಕ್ಯಾರೆಟ್ ಎಲ್ಲ ಇದೇ ಮನೆಯವು. ನಾವು ಚಟ್ನಿ ಅರೆಯುವ ತಿಮರೆಯೂ (ಒಂದೆಲಗ) ಅಷ್ಟೆ. ಆದರೆ ಅದರ ಕೊಡೆ ತೀರಾ ಸಣ್ಣದು, ಎಲೆಯ ಅಡಿಯಲ್ಲಿ ಬಗ್ಗಿ ಹುಡುಕಬೇಕು.

ಈಗ ಈ ಕುಟುಂಬಕ್ಕೆ ‘ಏಪಿಯೇಸಿ’ ಎಂಬ ಹೆಸರೇ ಜಾಸ್ತಿ ಬಳಕೆಯಲ್ಲಿದೆ. ಅದು ಬಂದದ್ದು ‘ಏಪಿಯಂ’ನಿಂದ, ಅಂದರೆ ಸೆಲರಿ ಸೊಪ್ಪಿನ ಕುಲದ ಹೆಸರಿನಿಂದ. ಸಸ್ಯನಾಮಗಳ ನಿಯಮದಲ್ಲಿ ಎರಡೂ ಹೆಸರಿಗೆ ಒಪ್ಪಿಗೆ ಇದೆ. ಹಳೆಯದನ್ನು ಬರೆದ ಮಕ್ಕಳಿಗೆ ದಯವಿಟ್ಟು ತಪ್ಪು ಹಾಕಬೇಡಿ. ಪಾಠದಲ್ಲಿ ಆ ಹೆಸರಿನ ಪಕ್ಕ ‘ಕೊಡೆ’ ಎಂಬ ಒಂದು ಪದವನ್ನೂ ಸೇರಿಸಿ.

– ಓದುಗ, ಉಡುಪಿ