ಬಿದ್ದ ಹ್ಯಾಮ್‌ಸ್ಟರ್‌ಗೆ ನಮ್ಮ ಮಾತ್ರೆ ಬೇಡ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ದನಕ್ಕೆ, ನಾಯಿಗೆ ಔಷಧಿ ಕೇಳಿಕೊಂಡು ಬರುವವರು ಮೊದಲಿನಿಂದಲೂ ಇದ್ದಾರೆ. ಈಚೆಗೆ ಹ್ಯಾಮ್‌ಸ್ಟರ್, ಗಿನಿಪಿಗ್ ಅಂತ ಮನೆಯಲ್ಲಿ ಸಾಕುವ ಇಲಿಯಂಥ ಪುಟ್ಟ ಪ್ರಾಣಿಗಳಿಗೆ ಕೇಳುವವರೂ ಬರುತ್ತಿದ್ದಾರೆ. ಹೆಚ್ಚಿನವರದ್ದು ಒಂದೇ ಮಾತು: "ಮೇಲಿಂದ ಬಿತ್ತು, ಕಾಲು ಎಳೀತಿದೆ, ನೋವಿಗೆ ಅರ್ಧ ಮಾತ್ರೆ ಕೊಡಿ." ಇಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಗಿರಾಕಿಗಳು ಕಾಯುತ್ತಿರುವಾಗ ಕಾರಣ ಬಿಡಿಸಿ ಹೇಳಲು ಆಗುವುದಿಲ್ಲ. ಅದಕ್ಕೇ ಈ ಪತ್ರ.

ಒಂದು ಲೆಕ್ಕ ನೋಡಿ. 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ದೊಡ್ಡವರಿಗೆ ಅಂತ ಮಾಡಿದ್ದು. ಅವರ ತೂಕ 60 ಕಿಲೋ ಅಂದುಕೊಳ್ಳಿ. ಮಕ್ಕಳು ಸಾಕುವ ಕುಳ್ಳ ಜಾತಿಯ ಹ್ಯಾಮ್‌ಸ್ಟರ್ ಸುಮಾರು 40 ಗ್ರಾಂ ತೂಗುತ್ತದೆ. ಅಂದರೆ ಮನುಷ್ಯರ 1,500ರಲ್ಲಿ ಒಂದು ಪಾಲು. ಅರ್ಧ ಮಾತ್ರೆ ಹಾಗಿರಲಿ, ಉಗುರಿಗೆ ಅಂಟಿದ ಪುಡಿಯೂ ಅದಕ್ಕೆ ಜಾಸ್ತಿಯೇ.

ಇದಕ್ಕಿಂತ ನನಗೆ ಹೆಚ್ಚು ಹೆದರಿಕೆ ಅಮಾಕ್ಸಿಸಿಲಿನ್‌ದು. ಯಾರದೋ ಜ್ವರಕ್ಕೆ ತಂದ ಸ್ಟ್ರಿಪ್ಪಿನಲ್ಲಿ ಒಂದೆರಡು ಕ್ಯಾಪ್ಸೂಲ್ ಮನೆಯಲ್ಲಿ ಉಳಿದಿರುತ್ತವೆ. ಗಾಯ ಕೀವಾಗಬಾರದು ಅಂತ ಅದನ್ನು ಬಿಚ್ಚಿ ಪುಡಿಯನ್ನು ನೀರಿಗೆ ಹಾಕಿ ಕುಡಿಸುತ್ತಾರೆ. ಹ್ಯಾಮ್‌ಸ್ಟರ್‌, ಗಿನಿಪಿಗ್‌ಗಳ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಪೆನ್ಸಿಲಿನ್ ಗುಂಪಿನ ಈ ಔಷಧಿ ಕೊಂದುಹಾಕುತ್ತದೆ. ಆ ಜಾಗದಲ್ಲಿ ವಿಷ ಬಿಡುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಭೇದಿ ಹತ್ತಿಕೊಂಡು ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ. ಕಾಲು ಮುರಿದರೂ ಬದುಕಬಹುದಾಗಿದ್ದ ಜೀವ ಔಷಧಿಯಿಂದ ಸಾಯುತ್ತದೆ. ಮನುಷ್ಯರಿಗೆ ಒಳ್ಳೆಯದಾದ ಔಷಧಿ ಎಲ್ಲ ಜೀವಕ್ಕೂ ಒಳ್ಳೆಯದಲ್ಲ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತರೆ, ಅದನ್ನು ತಿಂದ ರಣಹದ್ದುಗಳೂ ಸಾಯುತ್ತವೆ ಎಂದು ಗೊತ್ತಾಗಿ 2006ರಲ್ಲೇ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಮನುಷ್ಯರು ಇಂದಿಗೂ ಮಂಡಿನೋವಿಗೆ ಅದೇ ಮಾತ್ರೆ ನುಂಗುತ್ತಿದ್ದಾರೆ.

ಕಳೆದ ಮಳೆಗಾಲದಲ್ಲಿ ಆರಗದ ಕಡೆಯ ಅಜ್ಜ ಒಬ್ಬರು ಮೊಮ್ಮಗಳ ಜೊತೆ ಬಂದಿದ್ದರು. ಅವಳ ಕೈಯಲ್ಲಿ ಒಂದು ಬಿಸ್ಕೆಟ್ ಡಬ್ಬಿ. ಒಳಗೆ ಹಳೇ ಲಂಗದ ತುಂಡಿನ ಮೇಲೆ ಹ್ಯಾಮ್‌ಸ್ಟರ್ ಮುದುಡಿ ಕೂತಿತ್ತು. ಮೈಕೂದಲು ಉಬ್ಬಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಹಿಂಗಾಲಿನ ಪಾದ ಹೊರಗಡೆಗೆ ತಿರುಗಿತ್ತು. ಮುಂಗಾಲುಗಳಿಂದ ಬಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು, ಆದರೆ ಕೂಗಾಟ ಇಲ್ಲ. ಬೇರೆ ಪ್ರಾಣಿಗಳಿಗೆ ಆಹಾರವಾಗುವ ಇಂಥ ಜೀವಗಳು ನೋವನ್ನು ತೋರಿಸಿಕೊಳ್ಳುವುದಿಲ್ಲ. ಸುಮ್ಮನಿದೆ, ಹಾಗಾಗಿ ನೋವಿಲ್ಲ ಅಂದುಕೊಳ್ಳಬಾರದು. ಮಹಡಿ ಮೆಟ್ಟಿಲ ಮೇಲೆ ಆಡಲು ಬಿಟ್ಟಿದ್ದಾಗ ಬಿದ್ದಿತ್ತಂತೆ. ಹ್ಯಾಮ್‌ಸ್ಟರ್‌ಗೆ ಕಣ್ಣು ಮಂದ. ಅಂಚು ಎಲ್ಲಿ ಮುಗಿಯುತ್ತದೆ, ಕೆಳಗೆ ಎಷ್ಟು ಆಳ ಇದೆ ಅಂತ ತಿಳಿಯದೆ ನೇರ ನಡೆದುಬಿಡುತ್ತದೆ.

ನನ್ನ ಹತ್ತಿರ ಬರುವ ಮೊದಲು ಬೇರೊಂದು ಕಡೆ ತೋರಿಸಲು ಹೋಗಿದ್ದರು. "ಇಲಿಗೂ ಔಷಧಿಯಾ ಮಾರಾಯ್ರೆ, ಇಲಿ ಪಾಷಾಣ ಕೇಳೋರನ್ನು ನೋಡಿದ್ದೆ" ಅಂತ ನಕ್ಕು ಕಳಿಸಿದ್ದರಂತೆ. ಆ ಹುಡುಗಿಯ ಮುಖ ನೋಡಿದ್ದರೆ ಯಾರಿಗೂ ನಗು ಬರುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ನನಗೆ ಪರಿಚಯದ ಪಶುವೈದ್ಯರಿದ್ದಾರೆ, ಅವರಿಗೆ ಫೋನ್ ಹಚ್ಚಿದೆ. ರಾತ್ರಿ ಕಳೆಯಲು ಅವರು ಹೇಳಿದ್ದರಲ್ಲಿ ಕೊಳ್ಳುವಂಥದ್ದು ಏನೂ ಇರಲಿಲ್ಲ. ಗೂಡಿನಿಂದ ಚಕ್ರ, ಏಣಿ ತೆಗೆದುಬಿಡಿ, ಇಲ್ಲವೇ ಓಡಾಡಲು ಜಾಗವಿಲ್ಲದ ಚಿಕ್ಕ ಡಬ್ಬಿಯಲ್ಲಿಡಿ. ಮೇಲಿಂದ ಹಿಡಿದು ಎತ್ತಬೇಡಿ. ಅಡಿಕೆ ಹಾಳೆಯ ತುಂಡನ್ನು ಮೆಲ್ಲಗೆ ಅಡಿಗೆ ಜಾರಿಸಿ ಎತ್ತಿದರೆ ಬೆನ್ನು ಬಾಗುವುದಿಲ್ಲ. ನೋವಿನಲ್ಲಿರುವ ಪ್ರಾಣಿ ಕಚ್ಚುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಹಾಸಿಗೆಗೆ ಟಿಶ್ಯೂ ಪೇಪರ್ ಹರಿದು ಹಾಕಿ. ಹತ್ತಿ ಬೇಡ, ಅದರ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ನಮ್ಮಲ್ಲಿ ಸುಲಭಕ್ಕೆ ಸಿಗುವ ಸಾಮಿಲ್ ಹೊಟ್ಟೂ ಬೇಡ, ಧೂಳು ಮೂಗಿಗೂ ಗಾಯಕ್ಕೂ ಸೇರುತ್ತದೆ.

ಮುಖ್ಯವಾದದ್ದು ಬಿಸಿ. ಬಿದ್ದು ಬೆಚ್ಚಿದ ಪುಟ್ಟ ಮೈ ಬೇಗ ತಣ್ಣಗಾಗುತ್ತದೆ. ನಮ್ಮ ಮಳೆಗಾಲದ ಥಂಡಿ ಗೊತ್ತೇ ಇದೆ. ಬಲ್ಬ್ ಹಚ್ಚಿಟ್ಟು ನಂಬಿಕೊಂಡರೆ ಮಧ್ಯರಾತ್ರಿ ಕರೆಂಟು ಹೋಗುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬಿಯ ಒಂದೇ ಬದಿಗೆ ಇಡಿ. ಸೆಖೆಯಾದರೆ ಅದು ಈಚೆ ಬದಿಗೆ ತೆವಳಿಕೊಂಡು ಬರಲಿ. ಬಚ್ಚಲ ಒಲೆಯ ಪಕ್ಕ ಮಾತ್ರ ಇಡಬೇಡಿ, ಹೊಗೆ ತಡೆಯುವುದಿಲ್ಲ. ಗೂಡಿಗೆ ನೇತುಹಾಕಿದ ನೀರಿನ ಬಾಟಲಿಯನ್ನು ಕಾಲು ಮುರಿದ ಪ್ರಾಣಿ ಮುಟ್ಟಲಾರದು. ಬಾಯಿ ಹತ್ತಿರವೇ ಸೌತೆಕಾಯಿ ಹೋಳು ಇಡಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅರಿಶಿನ ಮೆತ್ತಿ ಬೆಂಕಿಕಡ್ಡಿ ಇಟ್ಟು ಕಟ್ಟುವ ಕೆಲಸವಂತೂ ಬೇಡವೇ ಬೇಡ.

ಗಿನಿಪಿಗ್ ಆದರೆ ಇನ್ನೂ ಹುಷಾರಾಗಿರಬೇಕು. ಅದು ಹಗಲೂ ರಾತ್ರಿ ಮೇಯುತ್ತಲೇ ಇರುವ ಪ್ರಾಣಿ. ನೋವಿನಿಂದ ಒಂದು ದಿನ ತಿನ್ನದೇ ಹೋದರೂ ಕರುಳು ನಿಂತುಬಿಡಬಹುದು. ನಮ್ಮ ಹಾಗೆಯೇ ಅದರ ದೇಹವೂ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಗಾಯ ಮಾಯುವಾಗ ಪೇರಳೆ, ದೊಣ್ಣೆಮೆಣಸು ಕೊಟ್ಟರೆ ಒಳ್ಳೆಯದು.

ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಎರಡೂ ಹಿಂಗಾಲು ಸತ್ತಂತೆ ಎಳೆಯುತ್ತಿದ್ದರೆ, ಉಚ್ಚೆ ಹೊಯ್ಯದಿದ್ದರೆ ಬೆಳಗಿನ ತನಕ ಕಾಯುವ ಹಾಗಿಲ್ಲ.

ಮರುದಿನ ಅಜ್ಜ, ಮೊಮ್ಮಗಳು ಮಂಡಗದ್ದೆ ಮೇಲಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಹೋದರು. ಹಿಂಗಾಲಿನ ಮೂಳೆ ಮುರಿದಿತ್ತು. ಪಟ್ಟಿ ಕಟ್ಟಿದರೆ ಕಡಿದು ಹಾಕುತ್ತದೆ, ಅದಕ್ಕೇ ಕಟ್ಟಲಿಲ್ಲ. ತೂಕ ನೋಡಿ ನೋವಿಗೆ ಮೆಲಾಕ್ಸಿಕಾಮ್ ಎಂಬ ಔಷಧಿಯ ಹನಿ ಕೊಟ್ಟು, ಕೆಲವು ವಾರ ಚಿಕ್ಕ ಡಬ್ಬಿಯಲ್ಲೇ ಇರಲಿ ಅಂದರು. ಮೂಳೆ ಸ್ವಲ್ಪ ಸೊಟ್ಟಗೆ ಕೂಡಿದೆ, ಆದರೆ ನಡೆಯುತ್ತಿದೆ ಅಂತ ಆಮೇಲೆ ಅಜ್ಜ ಹೇಳಿದರು.

ಆದರೆ ಎಲ್ಲರಿಗೂ ಪರಿಚಯದ ಡಾಕ್ಟರ್ ಇರುವುದಿಲ್ಲ ಅಲ್ವಾ? ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಎಷ್ಟೋ ಜಿಲ್ಲೆಗಳಿಗೆ ಇಲ್ಲದ ಭಾಗ್ಯ ಅದು. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದನಕರುಗಳೇ ಮೊದಲು, ಅದು ಸರಿ. ಹ್ಯಾಮ್‌ಸ್ಟರ್ ನೋಡಿ ಅಭ್ಯಾಸ ಇಲ್ಲದಿದ್ದರೆ ಅದೂ ತಪ್ಪಲ್ಲ. ಇಂಥ ಪ್ರಾಣಿಗಳನ್ನು ಎಲ್ಲಿ ನೋಡುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಬಾಗಿಲಲ್ಲಿ ಒಂದು ಬೋರ್ಡ್ ಹಾಕಲಿ ಅಂತಷ್ಟೇ ಪಶುಪಾಲನಾ ಇಲಾಖೆಗೆ ನನ್ನ ಕೋರಿಕೆ.

ಮಾರುವವರಿಗೂ ಜವಾಬ್ದಾರಿ ಇದೆ. ಕೇಂದ್ರ ಸರ್ಕಾರದ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ನಾಯಿ, ಬೆಕ್ಕಿನ ಜೊತೆ ಹ್ಯಾಮ್‌ಸ್ಟರ್, ಗಿನಿಪಿಗ್ ಹೆಸರೂ ಇದೆ. ಅಂಗಡಿಯವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಪ್ರಾಣಿಯ ಜೊತೆ ಎತ್ತರದ ತಂತಿ ಗೂಡನ್ನು ಮಾರಿ ಕೈತೊಳೆದುಕೊಳ್ಳುತ್ತಾರೆ. ಅದೇ ತಂತಿ ಹತ್ತಿ ಹ್ಯಾಮ್‌ಸ್ಟರ್‌ಗಳು ಬೀಳುತ್ತವೆ, ತಂತಿಯ ಸಂದಿಯಲ್ಲಿ ಕಾಲು ಸಿಕ್ಕಿ ಮುರಿದುಕೊಳ್ಳುತ್ತವೆ. ಎತ್ತರ ಕಡಿಮೆ ಇರುವ, ಅಗಲವಾದ ಗೂಡು ಕೊಡಿ. ಜೊತೆಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ಕನ್ನಡದಲ್ಲಿ ಒಂದು ಚೀಟಿ ಕೊಡಿ.

ಕೊನೆಗೆ ಜಿಲ್ಲೆಯ ನನ್ನ ಮೆಡಿಕಲ್ ಶಾಪ್ ಮಿತ್ರರಿಗೆ. "ಪ್ರಾಣಿಗೆ" ಅಂದ ತಕ್ಷಣ ಯಾವ ಪ್ರಾಣಿ, ತೂಕ ಎಷ್ಟು ಅಂತ ಕೇಳಿ. ಪಶುವೈದ್ಯರ ಚೀಟಿ ಇಲ್ಲದೆ ಮಾತ್ರೆ ಕತ್ತರಿಸಿ ಕೊಡಬೇಡಿ. ನಿಮ್ಮ ಹತ್ತಿರದ ಪಶುವೈದ್ಯರ ನಂಬರನ್ನು ಕೌಂಟರಿನ ಗಾಜಿಗೆ ಅಂಟಿಸಿ. ನಾನು ಅಂಟಿಸಿದ್ದೇನೆ, ಜನ ಫೋಟೋ ತೆಗೆದುಕೊಂಡು ಹೋಗುತ್ತಿದ್ದಾರೆ.

ಇಂತಿ,
ಔಷಧಿ ಅಂಗಡಿಯವ, ತೀರ್ಥಹಳ್ಳಿ