ಕೋಡಿಯಕ್ಕರೈಗೆ ಹೊರಡುವ ಮುನ್ನ

ಮಾನ್ಯ ಸಂಪಾದಕರೆ,

ತಂಜಾವೂರು, ವೇಲಾಂಕಣಿ ಕಡೆ ಪ್ರವಾಸ ಹೋಗುವ ನಮ್ಮವರು ಪಾಯಿಂಟ್ ಕ್ಯಾಲಿಮಿಯರ್ ಎಂದೂ ಕರೆಯುವ ಕೋಡಿಯಕ್ಕರೈ ವನ್ಯಧಾಮಕ್ಕೂ ಒಂದು ಸುತ್ತು ಹೋಗಿಬರುತ್ತಾರೆ. ಮೇ ರಜೆಯ ಮಟಮಟ ಮಧ್ಯಾಹ್ನ ಅಲ್ಲಿಗೆ ತಲುಪಿ, ಫೋಟೊದಲ್ಲಿ ಕಂಡ ರಾಜಹಂಸಗಳ (ಫ್ಲೆಮಿಂಗೊ) ಹಿಂಡು ಎಲ್ಲಿ ಎಂದು ಕೇಳುವವರೇ ಹೆಚ್ಚು. ತಿಂಗಳೂ ತಪ್ಪಿರುತ್ತದೆ, ಹುಡುಕುವ ಜಾಗವೂ ತಪ್ಪಿರುತ್ತದೆ.

ಮೊದಲು ಜಾಗದ ವಿಷಯ. 1967ರಲ್ಲಿ ಘೋಷಣೆಯಾದ ಈ ವನ್ಯಧಾಮದ ಗೇಟಿನೊಳಗೆ ಇರುವುದು ಕುರುಚಲು ಕಾಡು ಮತ್ತು ಹುಲ್ಲುಬಯಲು. ಕೃಷ್ಣಮೃಗ ನೋಡಲು ಬೆಳಿಗ್ಗೆ ಬೇಗ ಅಥವಾ ಸಂಜೆ ನಾಲ್ಕರ ನಂತರ ಇಲ್ಲಿಗೆ ಬರಬೇಕು. ಅವುಗಳ ಜೊತೆ ಮೇಯುವ ಕುದುರೆಗಳು ಕಾಡುಕುದುರೆಗಳಲ್ಲ. ಸಾಕುಕುದುರೆಗಳ ಸಂತತಿ ಕಾಡುಬಿದ್ದು ಹೆಚ್ಚಿ, ಈಗ ಅದೇ ಹುಲ್ಲಿಗೆ ಪೈಪೋಟಿ ನಡೆಸುತ್ತಿದೆ. ರಾಜಹಂಸಗಳು ಇರುವುದು ಪಶ್ಚಿಮಕ್ಕೆ ಹಬ್ಬಿದ ಉಪ್ಪುನೀರಿನ ಜೌಗಿನಲ್ಲಿ ಮತ್ತು ವೇದಾರಣ್ಯದ ಕಡೆಯ ಉಪ್ಪಿನ ಗದ್ದೆಗಳ ಆಸುಪಾಸಿನಲ್ಲಿ. ಜೌಗಿನ ಕಡೆ ಹೋಗುವವರು ಅರಣ್ಯ ಕಚೇರಿಯಲ್ಲಿ ಅನುಮತಿ ಕೇಳಿಯೇ ಮುಂದುವರಿಯಬೇಕು.

ಇನ್ನು ತಿಂಗಳು. ಅಲ್ಲಿ ಮುಖ್ಯ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನದು. ಮಳೆನೀರು ತುಂಬಿ ಉಪ್ಪಿನಂಶ ಇಳಿದಾಗ ಸೂಜಿಬಾಲದ ಬಾತಿನಂಥವು ಬಂದಿಳಿಯುತ್ತವೆ. ಆದರೆ ಕೆಸರು ಕೆದಕಿ ಹುಳು ಹೆಕ್ಕುವ ಗಿಡ್ಡ ಕಾಲಿನ ಸಣ್ಣ ಹಕ್ಕಿಗಳಿಗೆ ಎರಡು ಮೂರು ಸೆಂ.ಮೀ.ಗಿಂತ ಹೆಚ್ಚು ನೀರಿದ್ದರೆ ನಿಲ್ಲಲಾಗದು. ಹಾಗಾಗಿ ನೀರು ಇಳಿಯತೊಡಗುವ ಜನವರಿ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಹೋಗುವುದು ಒಳ್ಳೆಯದು. ನವೆಂಬರ್‌ನಲ್ಲಿ ಹವಾಮಾನ ವರದಿ ನೋಡದೆ ಹೊರಡಲೇಬೇಡಿ. 2018ರ ಗಜ ಚಂಡಮಾರುತ ಬಡಿದದ್ದು ಇದೇ ಕರಾವಳಿಗೆ, ಅದೇ ತಿಂಗಳಲ್ಲಿ.

ರಂಗನತಿಟ್ಟಿನಲ್ಲಿ ದೋಣಿಯಿಂದಲೇ ಕೈಗೆಟುಕುವಷ್ಟು ಹತ್ತಿರ ಹಕ್ಕಿ ನೋಡಿದವರಿಗೆ ಇಲ್ಲಿ ನಿರಾಸೆಯಾಗಬಹುದು. ರಾಜಹಂಸಗಳು ಹಲವು ನೂರು ಮೀಟರ್ ಆಚೆಗಿರುತ್ತವೆ. 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಕನಿಷ್ಠ ಬೇಕು. ಗುಂಪಿಗೊಂದು ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡಿನ ಮೇಲಿಟ್ಟು ನೋಡುವ ಸಣ್ಣ ದೂರದರ್ಶಕ) ಇದ್ದರೆ ಇನ್ನೂ ಒಳ್ಳೆಯದು. ಒಂಬತ್ತೂವರೆ ದಾಟಿ ಬಿಸಿಲೇರಿತೆಂದರೆ ಕಾದ ಗಾಳಿಯಲ್ಲಿ ಚಿತ್ರವೆಲ್ಲ ನಡುಗಿ, ಎಷ್ಟು ದುಬಾರಿ ಮಸೂರವಿದ್ದರೂ ಉಪಯೋಗವಿಲ್ಲ.

ಹತ್ತಿರ ಹೋಗುವ ಆಸೆಯೇ ಎಲ್ಲವನ್ನೂ ಕೆಡಿಸುತ್ತದೆ. ಮೇಯುವ ರಾಜಹಂಸದ ತಲೆ ನೀರಿನಲ್ಲಿ ತಲೆಕೆಳಗಾಗಿರುತ್ತದೆ. ನಾಲ್ಕಾರು ಕತ್ತುಗಳು ಎದ್ದವೆಂದರೆ ಅಲ್ಲೇ ನಿಲ್ಲಿ. ಹಿಂಡು ಒಂದೇ ದಿಕ್ಕಿಗೆ ನಡೆಯತೊಡಗಿದರೆ ನೀವು ಆಗಲೇ ಹೆಚ್ಚು ಮುಂದೆ ಬಂದಿದ್ದೀರಿ, ಹಿಂದೆ ಸರಿಯಿರಿ. ಇಲ್ಲವಾದರೆ ನೀರ ಮೇಲೆ ಓಡಿ ಇಡೀ ಹಿಂಡು ಹಾರುತ್ತದೆ, ಮೇವು ತಪ್ಪುತ್ತದೆ. ಹಾರುವ ಹಿಂಡಿನ ಚಿತ್ರಕ್ಕೆಂದೇ ಚಪ್ಪಾಳೆ ತಟ್ಟುವವರೂ ಇದ್ದಾರೆ! ಉಪ್ಪುಗಟ್ಟಿದ ಬಯಲು ಗಟ್ಟಿನೆಲದಂತೆ ಕಂಡರೂ ಕೆಳಗೆ ಕೆಸರಿರುತ್ತದೆ. ಕಾರಿನ ಚಕ್ರ ಹೂತರೆ ಎಳೆಯಲು ಟ್ರ್ಯಾಕ್ಟರ್ ಹುಡುಕಬೇಕಾದೀತು.

ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಜೊತೆಗಿರಲಿ. ತಿಂಡಿ ಚೀಲದೊಳಗೇ ಇರಲಿ, ಮಂಗಗಳ ಕಾಟವಿದೆ.

ತಮ್ಮ ಪ್ರವಾಸ ಪುಟದಲ್ಲಿ ಇಂಥ ಜಾಗಗಳ ಫೋಟೊ ಹಾಕುವಾಗ ಅದನ್ನು ಯಾವ ತಿಂಗಳಲ್ಲಿ, ಎಷ್ಟು ದೂರದಿಂದ ತೆಗೆದದ್ದು ಎಂಬುದನ್ನೂ ಅಡಿಬರಹದಲ್ಲಿ ಕೊಡಬೇಕಾಗಿ ವಿನಂತಿ.

– ಹವ್ಯಾಸಿ ಪಕ್ಷಿವೀಕ್ಷಕರು, ಮೈಸೂರು