ಬೇಸಿಗೆಗೆ ಬೇರೆ ಬೂಟು ಬೇಕು: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರಗಳು.

ಒಂದೇ ಒಂದು ವಿಷಯ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಸೆಕ್ಯೂರಿಟಿ ಸಿಬ್ಬಂದಿಯ ಯೂನಿಫಾರ್ಮ್ ನಿಯಮದಲ್ಲಿ ಬೇಸಿಗೆಗೆ ಅಂತ ಬೇರೆ ಬೂಟು ಸೇರಿಸಿ. ಆ ಬೂಟು ಹೇಗಿರಬೇಕು ಅನ್ನುವುದನ್ನು ಟೆಂಡರ್‌ನಲ್ಲಿ ಬಿಡಿಸಿ ಬರೆಸಿ.

ನಾನು ಸೆಕ್ಯೂರಿಟಿ ಸೂಪರ್‌ವೈಸರ್. ಗೇಟು, ಪಾರ್ಕಿಂಗ್, ಗೋದಾಮು, ಆಸ್ಪತ್ರೆ, ಹೀಗೆ ಬೇರೆ ಬೇರೆ ಕಡೆ ಗಾರ್ಡುಗಳನ್ನು ಡ್ಯೂಟಿಗೆ ಹಾಕುವುದು ನನ್ನ ಕೆಲಸ. ಅವರಿಗೆ ಬೂಟು ಹಂಚುವವನೂ ನಾನೇ. ಪ್ರತಿ ಸಲ ಆರ್ಡರ್ ಕಾಪಿಯಲ್ಲಿ ಇರುವುದು ಒಂದೇ ಸಾಲು: ಕಪ್ಪು ಲೆದರ್ ಬೂಟು, ಒಂದು ಜೊತೆ. ಯಾವ ಲೆದರ್, ಎಷ್ಟು ತೂಕ, ಯಾವ ಸೋಲ್, ಯಾವ ಕಾಲಕ್ಕೆ, ಏನೂ ಇರುವುದಿಲ್ಲ. ಹೀಗಿದ್ದ ಮೇಲೆ ಗುತ್ತಿಗೆದಾರರು ಎಲ್ಲಕ್ಕಿಂತ ಅಗ್ಗದ್ದನ್ನೇ ತರುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಕಾಗದದಲ್ಲಿ ಕೇಳಿದ್ದನ್ನೇ ಅವರು ಕೊಟ್ಟಿದ್ದಾರೆ. ಬಿಸಿಲು ಏರಿದಾಗ ಶರ್ಟಿನ ತೋಳು ಗಿಡ್ಡವಾಗುತ್ತದೆ, ಗೇಟಿನ ಹತ್ತಿರ ನೆರಳಿಗೆ ಒಂದು ಶೀಟು ಬರುತ್ತದೆ. ಬೂಟು ಮಾತ್ರ ಚಳಿಗಾಲದ್ದೇ.

ಹಗಲು ಶಿಫ್ಟ್ ಮುಗಿಸಿ ಬಂದ ಗಾರ್ಡ್ ಬೂಟು ಬಿಚ್ಚುವುದನ್ನು ನೀವು ಹತ್ತಿರದಿಂದ ನೋಡಬೇಕು. ಲೇಸ್ ಪೂರ್ತಿ ಸಡಿಲ ಮಾಡಿದರೂ ಬೂಟು ಸಲೀಸಾಗಿ ಬರುವುದಿಲ್ಲ, ಯಾಕೆಂದರೆ ಪಾದ ಊದಿರುತ್ತದೆ. ಸಾಕ್ಸ್ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಎಳೆದು ತೆಗೆದರೆ ಅಂಗಾಲು ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಸಾಕ್ಸಿನ ಹೆಣಿಗೆ ಕಣಕಾಲಿನ ಸುತ್ತ ಅಚ್ಚೊತ್ತಿರುತ್ತದೆ. ಕಿರುಬೆರಳಿನ ಸಂದಿ ಬಿರಿದು ಕೆಂಪಗಾಗಿರುತ್ತದೆ. ಬೂಟಿನೊಳಗಿನ ಇನ್‌ಸೋಲ್ ಕಪ್ಪಾಗಿ, ಅಂಚು ಸುರುಳಿಯಾಗಿ ಮೇಲೆದ್ದಿರುತ್ತದೆ. ಮರುದಿನ ಬೆಳಿಗ್ಗೆ, ಒಳಗೆ ಇನ್ನೂ ತೇವ ಇರುವಾಗಲೇ, ಅದೇ ಬೂಟು ಹಾಕಿಕೊಂಡು ಹೊರಡಬೇಕು. ಬೇರೆ ಜೊತೆ ಇಲ್ಲವಲ್ಲ.

ಇಷ್ಟಾದರೂ ಗಾರ್ಡುಗಳು ದೂರು ಕೊಡುವುದು ತೀರಾ ಕಡಿಮೆ. ಕಾಲು ನೋವು ಅಂದರೆ ಕೈಲಾಗದವನು ಅಂದುಕೊಳ್ಳುತ್ತಾರೇನೋ ಅನ್ನುವ ಅಂಜಿಕೆ. ಬೆರಳ ಸಂದಿಯ ಫಂಗಸ್‌ಗೆ ಪೌಡರ್ ಉದುರಿಸಿಕೊಂಡು, ಹಿಮ್ಮಡಿಯ ಬೊಬ್ಬೆಗೆ ಪಟ್ಟಿ ಹಾಕಿಕೊಂಡು ಬರುತ್ತಾರೆ. ಪೌಡರ್ ಎಷ್ಟು ಹಾಕಿದರೇನು? ಫಂಗಸ್‌ಗೆ ಬೇಕಾದ ಬಿಸಿಯೂ ತೇವವೂ ಆ ಬೂಟಿನಲ್ಲೇ ಇವೆ.

ಎರಡೂ ಪಾದ ಸೇರಿ ಸುಮಾರು 2.5 ಲಕ್ಷ ಬೆವರಿನ ಗ್ರಂಥಿಗಳಿವೆ. ಬೆವರು ಆರಿದರೆ ಕಾಲು ತಣ್ಣಗಾಗುತ್ತದೆ. ಆರಲು ಜಾಗ ಇಲ್ಲದಿದ್ದರೆ ಅದು ಸಾಕ್ಸಿನಲ್ಲೇ ನಿಲ್ಲುತ್ತದೆ, ಚರ್ಮ ನೆನೆದು ಮೆತ್ತಗಾಗುತ್ತದೆ, ಆಮೇಲೆ ಸ್ವಲ್ಪ ಉಜ್ಜಿದರೂ ಬೊಬ್ಬೆ ಏಳುತ್ತದೆ. ಅಗ್ಗದ ಬೂಟುಗಳಲ್ಲಿ ಜಾಸ್ತಿ ಕಾಣುವುದು ಮೇಲ್ಪದರ ತೆಗೆದ ಚರ್ಮ. ಅದರ ಮೇಲೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟಿರುತ್ತಾರೆ. ಪಾಲಿಶ್ ಇಲ್ಲದೆಯೂ ಫಳಫಳ ಹೊಳೆಯುತ್ತದೆ, ಕೈಗೆತ್ತಿಕೊಂಡ ಅಧಿಕಾರಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಆ ಲೇಪದ ಮೂಲಕ ಬೆವರಿನ ಆವಿ ಹೊರಗೆ ಹೋಗುವುದು ಬಹಳ ಕಷ್ಟ. ಲೆದರ್ ಅಂತ ಬರೆದಿದ್ದಕ್ಕೆ ಲೆದರ್ ಬಂದಿದೆ, ಕಾಲಿಗೆ ಮಾತ್ರ ಗಾಳಿ ಇಲ್ಲ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಿಲ್ಲ. 1960ರ ದಶಕದಲ್ಲಿ ವಿಯೆಟ್ನಾಂ ಕಾಡುಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಮುಂದುಗಡೆ ಮತ್ತು ಹಿಮ್ಮಡಿಗೆ ಮಾತ್ರ ಚರ್ಮ, ಉಳಿದದ್ದಕ್ಕೆ ಬಟ್ಟೆ ಇರುವ ಬೂಟು ಕೊಟ್ಟರು. ಒಳಪಕ್ಕದಲ್ಲಿ ನೀರು ಹರಿದುಹೋಗಲು ಜಾಲರಿ ಇರುವ ಸಣ್ಣ ತೂತುಗಳಿದ್ದವು. ಇವತ್ತು ಬೇಸಿಗೆಗೆ ಅಂತ ಬರುವ ಒಳ್ಳೆಯ ಡ್ಯೂಟಿ ಬೂಟುಗಳಲ್ಲೂ ಅದೇ ಲೆಕ್ಕ. ಪೆಟ್ಟು ಬೀಳುವ ಕಡೆ ಚರ್ಮ, ಪಕ್ಕಗಳಿಗೆ ಗಟ್ಟಿ ನೈಲಾನ್ ಅಥವಾ ಮೆಶ್ (ಗಾಳಿಯಾಡುವ ಜಾಲರಿ ಬಟ್ಟೆ), ಒಳಗೆ ತೇವ ಹೀರಿ ಬೇಗ ಒಣಗುವ ಲೈನಿಂಗ್. ಮೆಶ್ ಹಾಕಿದರೆ ಶಿಸ್ತು ಕಾಣುವುದಿಲ್ಲ ಅಂತ ಕೆಲವರು ವಾದಿಸುತ್ತಾರೆ. ಯುದ್ಧಕ್ಕೆ ಹೋದವರ ಶಿಸ್ತಿಗೆ ಬಟ್ಟೆಯ ಬೂಟು ಅಡ್ಡ ಬರಲಿಲ್ಲ ಅಂದಮೇಲೆ ಗೇಟು ಕಾಯುವವರ ಶಿಸ್ತಿಗೆ ಬರುತ್ತದೆಯೇ? ಬಣ್ಣ ಕಪ್ಪೇ ಇರಲಿ ಅಂದರೆ ಇರಲಿ, ಕಪ್ಪು ಬಿಸಿಲನ್ನು ಜಾಸ್ತಿ ಹೀರುತ್ತದೆ ನಿಜ. ಬಣ್ಣದ ಮೇಲೆ ಜಗಳ ಬೇಡ, ಮೊದಲು ಬೂಟನ್ನು ಯಾವುದರಿಂದ ಮಾಡುತ್ತಾರೆ ಅನ್ನುವುದು ಬದಲಾಗಲಿ.

ಟೆಂಡರ್ ಬರೆಯುವವರು ಹುಷಾರಾಗಿರಬೇಕಾದ ಇನ್ನೊಂದು ಕಡೆ ಇದೆ. 'ವಾಟರ್‌ಪ್ರೂಫ್' ಅಂತ ಸೇರಿಸಿದರೆ ಒಳ್ಳೆಯದೇ ಅಲ್ವಾ ಅಂತ ಎಲ್ಲರಿಗೂ ಅನಿಸುತ್ತದೆ. ನೀರು ತಡೆದು ಆವಿ ಬಿಡುವ ಪೊರೆಗಳು ಇವೆ, ಗೋರ್-ಟೆಕ್ಸ್ ಅಂಥದ್ದು. ಒಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿಯಾಗಿ, ತೇವವಾಗಿ ಇದ್ದಾಗ ಆ ಪೊರೆಯಿಂದ ಆವಿ ಚೆನ್ನಾಗಿ ಹೊರಗೆ ಹೋಗುತ್ತದೆ. ಸೆಖೆಯ ದಿನ ಹೊರಗೂ ಬಿಸಿ, ಹೊರಗೂ ತೇವ. ಒಳಗಿನ ಆವಿಯನ್ನು ಹೊರಗೆ ತಳ್ಳುವ ಒತ್ತಡ ಬಹಳ ಕಡಿಮೆಯಾಗುತ್ತದೆ. ಮಳೆಗಾಲಕ್ಕೆ ಆ ಬೂಟು ಸರಿ. ಬೇಸಿಗೆಗೆ ಅದನ್ನು ಕೇಳಿದರೆ ದುಡ್ಡೂ ಜಾಸ್ತಿ, ಬಿಸಿಯೂ ಜಾಸ್ತಿ.

ಇನ್ನು ಕೆಳಗಿನಿಂದ ಬರುವ ಬಿಸಿ. ಪಾರ್ಕಿಂಗ್‌ನಲ್ಲಿ ನಿಲ್ಲುವವರಿಗೆ ತಲೆಯ ಮೇಲಿನ ಸೂರ್ಯನಷ್ಟೇ ಕಾಲ ಕೆಳಗಿನ ಡಾಂಬರೂ ಕಾಟ ಕೊಡುತ್ತದೆ. ಗಾಳಿ 35 ಡಿಗ್ರಿ ಸೆಲ್ಸಿಯಸ್ ಇರುವಾಗ ನೇರ ಬಿಸಿಲಿಗೆ ಬಿದ್ದ ಡಾಂಬರು 60 ಡಿಗ್ರಿ ದಾಟಬಲ್ಲದು. ತೆಳ್ಳಗಿನ ಗಟ್ಟಿ ಸೋಲ್ ಇದ್ದರೆ ಆ ಶಾಖ ನೇರವಾಗಿ ಅಂಗಾಲಿಗೆ. ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಇದಕ್ಕೆ ಬೂಟಿನ ಮೇಲೆ ಹಾಕುವ ಗುರುತುಗಳಿವೆ, ಆದರೆ ಎರಡು ಗುರುತುಗಳನ್ನು ಜನ ಕಲಸಿಬಿಡುತ್ತಾರೆ. ಎಚ್‌ಆರ್‌ಒ ಅಂತ ಇದ್ದರೆ 300 ಡಿಗ್ರಿಯ ಮೇಲ್ಮೈಯನ್ನು ಒಂದು ನಿಮಿಷ ಮುಟ್ಟಿದರೂ ಹೊರ ಸೋಲ್ ಕರಗುವುದಿಲ್ಲ, ಬಿರಿಯುವುದಿಲ್ಲ ಅಂತ ಅರ್ಥ. ಕಾಲು ತಣ್ಣಗಿರುತ್ತದೆ ಅಂತಲ್ಲ. ನಮಗೆ ಬೇಕಾದದ್ದು ಎಚ್‌ಐ ಗುರುತು. 150 ಡಿಗ್ರಿ ಬಿಸಿ ಮರಳಿನ ಮೇಲೆ ಬೂಟನ್ನು ಅರ್ಧ ಗಂಟೆ ಇಟ್ಟು, ಒಳಗಿನ ಬಿಸಿ 22 ಡಿಗ್ರಿಗಿಂತ ಹೆಚ್ಚು ಏರದಿದ್ದರೆ ಮಾತ್ರ ಆ ಗುರುತು ಸಿಗುತ್ತದೆ. ಬಿಸಿಲಿನ ಡ್ಯೂಟಿಯ ಬೂಟಿಗೆ ಇದನ್ನು ಕಡ್ಡಾಯ ಮಾಡಿ. ಏಸಿ ಇರುವ ರಿಸೆಪ್ಷನ್‌ನಲ್ಲಿ ನಿಲ್ಲುವವರಿಗೆ ಇದು ಬೇಡ.

ಇದೇ ಕಾರಣಕ್ಕೆ ಎಲ್ಲರಿಗೂ ಉಕ್ಕಿನ ಟೋ ಕ್ಯಾಪ್ (ಬೆರಳು ಕಾಯುವ ಗಟ್ಟಿ ಕವಚ) ಇರುವ ಬೂಟು ಕೊಡುವುದನ್ನೂ ನಿಲ್ಲಿಸಬೇಕು. ಐಎಸ್‌ಒ 20345 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರದ ಸೇಫ್ಟಿ ಬೂಟಿನಲ್ಲಿ 200 ಜೂಲ್ ಪೆಟ್ಟು ತಡೆಯುವ ಟೋ ಕ್ಯಾಪ್ ಇರಲೇಬೇಕು. ಐಎಸ್‌ಒ 20347 ಪ್ರಕಾರದ ಕೆಲಸದ ಬೂಟಿಗೆ ಅದು ಬೇಕಿಲ್ಲ. ಗೋದಾಮು, ಕಟ್ಟಡದ ಕೆಲಸ ನಡೆಯುವ ಜಾಗ, ಲೋಡಿಂಗ್ ಬೇ ಕಾಯುವವರಿಗೆ ಟೋ ಕ್ಯಾಪ್ ಖಂಡಿತ ಬೇಕು. ಅಲ್ಲಿ ರಾಜಿ ಬೇಡ. ಆದರೆ ಅಲ್ಲೂ ಉಕ್ಕಿನ ಬದಲು ಕಾಂಪೋಸಿಟ್ (ನಾರು, ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು) ಕೇಳಬಹುದು. ಅದು ಹಗುರ, ಉಕ್ಕಿನಷ್ಟು ಬೇಗ ಶಾಖವನ್ನೂ ದಾಟಿಸುವುದಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಯುವ ಗಾರ್ಡಿಗೆ ಟೋ ಕ್ಯಾಪ್‌ಗಿಂತ ಜಾರದ ಸೋಲ್ ಮುಖ್ಯ. ಡ್ಯೂಟಿ ನೋಡಿ ಬೂಟು ಕೊಡಬೇಕು ಅಂತ ನಾನು ಹೇಳುವುದು ಇದಕ್ಕೇ.

ತೂಕದ ವಿಷಯ ಯಾರೂ ಗಮನಿಸುವುದಿಲ್ಲ. ಕಾಲಿಗೆ ಕಟ್ಟಿದ ಭಾರಕ್ಕೆ, ಅಷ್ಟೇ ಭಾರವನ್ನು ಮೈಮೇಲೆ ಹೊತ್ತಾಗಿನದಕ್ಕಿಂತ 4ರಿಂದ 6 ಪಟ್ಟು ಹೆಚ್ಚು ಶಕ್ತಿ ಖರ್ಚಾಗುತ್ತದೆ ಎಂದು 1969ರಲ್ಲೇ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಖರ್ಚಾದ ಶಕ್ತಿಯಲ್ಲಿ ಬಹುಪಾಲು ದೇಹದಲ್ಲಿ ಶಾಖವಾಗುತ್ತದೆ. ಅಂದರೆ ಭಾರದ ಬೂಟು ಕಾಲನ್ನಷ್ಟೇ ಅಲ್ಲ, ಇಡೀ ಮೈಯನ್ನು ಬಿಸಿ ಮಾಡುತ್ತದೆ. ರೌಂಡ್ಸ್ ಹೋಗುವವರಿಗೆ ಇದು ಸಣ್ಣ ಮಾತಲ್ಲ. ಟೆಂಡರ್‌ನಲ್ಲಿ ಒಂದು ಜೊತೆಗೆ ಗರಿಷ್ಠ ತೂಕ ಇಷ್ಟು ಅಂತ ಒಂದು ಸಾಲು ಹಾಕಿಸಿ. ಎತ್ತರವೂ ಅಷ್ಟೇ. ಸಮತಟ್ಟು ನೆಲದ ಡ್ಯೂಟಿಗೆ 6 ಇಂಚಿನ ಬೂಟು ಸಾಕು. 8 ಇಂಚಿನದು ಕಣಕಾಲನ್ನು ಇನ್ನಷ್ಟು ಮುಚ್ಚಿ ಸೆಖೆ ಹೆಚ್ಚಿಸುತ್ತದೆ.

ಅಳತೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೇ ಒಳ್ಳೆಯ ಬೂಟು ಬಂದರೂ ಕೆಡುವುದು ಇಲ್ಲೇ. ಈಗ ಏನಾಗುತ್ತದೆ? ಫೋನಿನಲ್ಲಿ ನಂಬರ್ ಕೇಳಿ, ಪಟ್ಟಿ ಮಾಡಿ ಕಳಿಸುತ್ತೇವೆ. ಪಾದ ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ. ದಿನವಿಡೀ ನಿಂತರೆ ಊದಿಕೊಳ್ಳುತ್ತದೆ, ಬಿಸಿಲಿಗೆ ಇನ್ನೂ ಜಾಸ್ತಿ. ಹಾಗಾಗಿ ಶಿಫ್ಟ್ ಮುಗಿದ ಮೇಲೆ, ಡ್ಯೂಟಿಗೆ ಹಾಕುವ ಸಾಕ್ಸನ್ನೇ ಹಾಕಿಸಿ, ಎರಡೂ ಪಾದ ಅಳೆಯಬೇಕು. ಬಹಳ ಜನರಿಗೆ ಒಂದು ಪಾದ ಸ್ವಲ್ಪ ದೊಡ್ಡದಿರುತ್ತದೆ, ಆ ದೊಡ್ಡ ಪಾದಕ್ಕೆ ಸರಿಹೊಂದುವ ನಂಬರ್ ಕೊಡಬೇಕು. ಉದ್ದದ ಜೊತೆಗೆ ಅಗಲವನ್ನೂ ಬರೆದುಕೊಳ್ಳಬೇಕು. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು, ಹಿಮ್ಮಡಿ ಮೇಲಕ್ಕೆ ಜಾರಬಾರದು.

ಮಹಿಳಾ ಗಾರ್ಡುಗಳ ಕಷ್ಟ ಇನ್ನೂ ದೊಡ್ಡದು. ಅವರಿಗೆ ಸಿಗುವುದು ಗಂಡಸರ ಬೂಟಿನ ಚಿಕ್ಕ ನಂಬರ್. ಹೆಂಗಸರ ಪಾದದಲ್ಲಿ ಮುಂಭಾಗಕ್ಕೆ ಹೋಲಿಸಿದರೆ ಹಿಮ್ಮಡಿ ಸಾಮಾನ್ಯವಾಗಿ ಕಿರಿದು. ಮುಂದೆ ಸರಿಯಾದರೆ ಹಿಂದೆ ಸಡಿಲ, ಹಿಂದೆ ಸರಿಯಾದರೆ ಮುಂದೆ ಬಿಗಿ. ಸಡಿಲವಾದ ಕಡೆ ಉಜ್ಜಿ ಉಜ್ಜಿ ಹಿಮ್ಮಡಿ ಸುಲಿಯುತ್ತದೆ. ಎರಡು ಸಾಕ್ಸ್ ಹಾಕಿಕೊಂಡು ಬರುವವರಿದ್ದಾರೆ, ಅದೂ ಸುಡು ಬಿಸಿಲಿನಲ್ಲಿ. ಮಹಿಳೆಯರ ಪಾದದ ಅಚ್ಚಿನಲ್ಲೇ ಮಾಡಿದ ಬೂಟು ಕೊಡಬೇಕು ಅಂತ ನಿಯಮದಲ್ಲಿ ಬರಲೇಬೇಕು. ಇದನ್ನು ಮುಂದಕ್ಕೆ ಹಾಕಬೇಡಿ.

ಬೂಟಿನ ಜೊತೆ ಸಾಕ್ಸನ್ನೂ ಸೇರಿಸಿ. ಹತ್ತಿಯ ಸಾಕ್ಸ್ ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ. ಪಾಲಿಯೆಸ್ಟರ್, ನೈಲಾನ್ ಅಥವಾ ತೆಳು ಉಣ್ಣೆ ಬೆರೆಸಿದ್ದು ತೇವವನ್ನು ಚರ್ಮದಿಂದ ದೂರ ಎಳೆಯುತ್ತದೆ, ಬೇಗ ಒಣಗುತ್ತದೆ. ಇನ್‌ಸೋಲ್ ತೆಗೆದು ಒಣಗಿಸುವಂತಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಬ್ಬರಿಗೂ ಎರಡು ಜೊತೆ ಕೊಡಿ. ನೆನೆದ ಬೂಟು ಒಳಗಿನಿಂದ ಒಣಗಲು ಒಂದು ರಾತ್ರಿ ಸಾಲದು. ಬಿಸಿ ಹೀಟರ್ ಮುಂದೆ ಇಟ್ಟು ಒಣಗಿಸಿದರೆ ಚರ್ಮ ಬಿರುಸಾಗಿ ಸೋಲಿನ ಅಂಟು ಬಿಡುತ್ತದೆ. ದಿನ ಬಿಟ್ಟು ದಿನ ಬದಲಿಸಿ ಹಾಕಿದರೆ ಕಾಲೂ ಚೆನ್ನಾಗಿರುತ್ತದೆ, ಎರಡೂ ಜೊತೆ ಹೆಚ್ಚು ದಿನ ಬಾಳುತ್ತವೆ. ಎರಡು ಜೊತೆ ದುಬಾರಿ ಅನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಒಟ್ಟಿಗೆ ಖರೀದಿಸಿ ವರ್ಷಗಟ್ಟಲೆ ಸ್ಟೋರಿನಲ್ಲಿ ಇಡುವುದೂ ಬೇಡ. ಮೆತ್ತಗಿನ ಪಾಲಿಯುರೆಥೇನ್ ಸೋಲ್ ಗಾಳಿಯ ತೇವಕ್ಕೆ ನಿಧಾನವಾಗಿ ಒಳಗೊಳಗೇ ಹಾಳಾಗುತ್ತದೆ, ಬಳಸದೆ ಇಟ್ಟರೂ ಹಾಳಾಗುತ್ತದೆ. ಆಮೇಲೆ ಒಂದು ದಿನ ಹೊಸ ಬೂಟಿನ ಸೋಲ್ ಡ್ಯೂಟಿಯ ಮಧ್ಯೆ ಪುಡಿಪುಡಿಯಾಗಿ ಉದುರುತ್ತದೆ. ತಯಾರಾದ ತಿಂಗಳು, ವರ್ಷ ನೋಡಿಯೇ ಮಾಲು ಇಳಿಸಿಕೊಳ್ಳಲು ಹೇಳಿ.

ದುಡ್ಡು ಯಾರು ಕೊಡಬೇಕು ಅನ್ನುವ ಪ್ರಶ್ನೆಗೆ ಉತ್ತರ ಆಗಲೇ ಬರೆದಿಟ್ಟಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆಯ 21ನೇ ವಿಧಿ ಪ್ರಕಾರ, ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಕ್ರಮಗಳ ಖರ್ಚು ಕೆಲಸಗಾರರ ಮೇಲೆ ಬೀಳಬಾರದು. 2022ರಲ್ಲಿ ಆ ಒಡಂಬಡಿಕೆಯನ್ನು ಮೂಲಭೂತ ಒಡಂಬಡಿಕೆಗಳ ಸಾಲಿಗೆ ಸೇರಿಸಲಾಯಿತು. ಹಾಗಿದ್ದೂ 'ಯೂನಿಫಾರ್ಮ್ ಖರ್ಚು' ಅಂತ ಗಾರ್ಡುಗಳ ಸಂಬಳದಲ್ಲಿ ಹಿಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೂಟಿನ ಹಣ ಸಂಬಳದಿಂದ ಕಡಿತ ಮಾಡುವಂತಿಲ್ಲ ಅಂತ ಸ್ಪಷ್ಟವಾಗಿ ಆದೇಶ ಮಾಡಿ. ತಪಾಸಣೆಗೆ ಹೋದ ಅಧಿಕಾರಿಗಳು ಸಂಬಳದ ಚೀಟಿಯಲ್ಲಿ ಅದನ್ನೂ ನೋಡಲಿ.

ಮುಂದಿನ ಬೇಸಿಗೆಯ ಖರೀದಿ ಆದೇಶ ಹೊರಡುವ ಮುಂಚೆ ಎರಡು ಮೂರು ಮಾದರಿ ತರಿಸಿ. ಗೇಟಿನವರು, ಪಾರ್ಕಿಂಗ್‌ನವರು, ರೌಂಡ್ಸ್‌ನವರು, ಗೋದಾಮಿನವರು, ಪ್ರತಿ ಕಡೆಯಿಂದ ಕೆಲವರಿಗೆ ಕೊಟ್ಟು ಕೆಲವು ವಾರ ಡ್ಯೂಟಿಯಲ್ಲೇ ಹಾಕಿಸಿ. ಅವರಲ್ಲಿ ಹೆಂಗಸರೂ ಇರಲಿ. ಟೆಂಡರ್ ಕರಡು ಬರೆಯುವ ಸಭೆಗೆ ಅವರನ್ನೇ ಕರೆಯಿರಿ, ಶಿಫ್ಟ್ ಮುಗಿದ ಹೊತ್ತಿಗೆ ಸಭೆ ಇಟ್ಟರೆ ಇನ್ನೂ ಒಳ್ಳೆಯದು. ನನ್ನ ಕಡೆಯ ಗಾರ್ಡುಗಳನ್ನು ಕಳಿಸಿಕೊಡಲು, ಅಳತೆ ತೆಗೆಯಲು, ಮಾದರಿ ಬೂಟುಗಳ ಲೆಕ್ಕ ಇಡಲು ನಾನು ತಯಾರಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸೆಕ್ಯೂರಿಟಿ ಸೂಪರ್‌ವೈಸರ್